ಭರ್ತಿ, ಸುಕ್ತಿ

ಬೈತಖೋಲ ಬಂದರಿನ ಕಟ್ಟಿಗೆ ಒಂದು ಪಟ್ಟಿ ಬಡದಾರ,
ಬಿಳಿ ಮೈ, ಕರಿ ಅಂಕಿ,
ಸಾಲಿ ಮಾಸ್ತರನ ಫೂಟಪಟ್ಟಿಗೆ ಅಣ್ಣ ಆಗಬೇಕು.
ತಾಸಿಗೊಮ್ಮೆ ಬಗ್ಗಿ ನೋಡೂದು, ವಹಿಯೊಳಗ ಬರಿಯೂದು.
ನಾಕು ತಿಂಗಳ ಗುತ್ತಿಗಿ. ಇಷ್ಟ ಕೆಲಸ.

ಮೊದಲನೆ ದಿನ ವಿಠೋಬ ತಾಂಡೇಲ
ಸಮುದ್ರಕ್ಕ ಬೆನ್ನ ಹಚ್ಚಿ ಕೂತು ಹೇಳಿದ:
ಏರಿದರ ಭರ್ತಿ, ಇಳಿದರ ಸುಕ್ತಿ.
ಭರ್ತಿ ಗೊತ್ತು ಅಂದೆ. ಸಾಲಿ ಭರ್ತಿ, ಫಾರ್ಮ ಭರ್ತಿ,
ತಾಳಿಕೋಟಿ ಬಸ್ಸಂತೂ ಯಾವಾಗಲೂ ಭರ್ತಿ.
ಅವನಿಗೆ ನಗು ಬರಲಿಲ್ಲ.

ನಮ್ಮ ಕಡೆ ಡೋಣಿ ಅಂದರ ಹೊಳಿ.
ಇಲ್ಲಿ ಅದರಾಗ ಕೂತು ಮೀನ ಹಿಡೀತಾರ.
ನಮ್ಮ ಹೊಳಿ ನೀರೂ ಉಪ್ಪು ಅಂದೆ,
ಖಾನಾವಳಿಯಾಗ ಒಬ್ಬರೂ ನಂಬಲಿಲ್ಲ.
ಉಪ್ಪಿನ ಹಕ್ಕೆಲ್ಲ ಇಲ್ಲಿಯವರದ.

ಕೋಡಿಬಾಗದಾಗ ಖೋಲಿ, ಶೆವಂತಿಬಾಯಿ ಮನಿ ಹಿಂದ.
ಅಂಗಿ ಒಣಗೂದಿಲ್ಲ. ರಾತ್ರಿ ಇಟ್ಟ ಬ್ಲೇಡು ಮುಂಜಾನೆ ಕೆಂಪು.
ಹೆಂಡತಿ ಕಟ್ಟಿಕೊಟ್ಟ ಕಟಕ ರೊಟ್ಟಿ
ಮೂರನೆ ದಿನಕ್ಕ ಅರಬಿ ಹಂಗ ಮಡಚಿದವು.
ಮುರಿಯೂ ಸಪ್ಪಳ ಇಲ್ಲದ ರೊಟ್ಟಿ ತಿಂದು
ಪಾಳಿಗೆ ಹೋದೆ.

ಜೆವ್ಲೊ? ಅಂತಾಳ ಮುದುಕಿ ಸಂಜಿಮುಂದ. ಹೂಂ ಅಂತೀನಿ.
ಮತ್ತೇನೋ ಕೇಳತಾಳ. ಅದಕ್ಕೂ ಹೂಂ.
ಒಂದಿನ ಆ ಹೂಂಗೆ ತಾಟ ತುಂಬ ಬಾಂಗಡೆ ಬಂತು.
ಕೊರಳಾಗ ಲಿಂಗ, ಕೈಯಾಗ ತಾಟ.
ಓಣಿ ಬೆಕ್ಕು ನನ್ನ ನೋಡಿತು, ನಾ ಬೆಕ್ಕಿನ್ನ ನೋಡಿದೆ.
ತೊಳೆದ ತಾಟ ತಿರುಗಿ ಕೊಟ್ಟು, ಛಲೋ ಇತ್ತು ಅಂದೆ.
ಬೆಕ್ಕಿನ ಮಾತು, ಸುಳ್ಳಲ್ಲ.

ರಾತ್ರಿ ಫೋನಿನಾಗ: ಸಮುದ್ರ ಹೆಂಗದ?
ಏನ ಹೇಳಲಿ. ಒಂದು ಮೀಟರ ನಲವತ್ತು ಅಂದೆ.
ನಮ್ಮ ಬಾವಿಗಿಂತ ಕಮ್ಮಿನ? ಅಂದಳು.
ಮಗಳು ಕಸಕೊಂಡು ಕೇಳಿದಳು,
ಇಳಿದ ನೀರು ಎಲ್ಲಿ ಹೋಗತದ ಅಪ್ಪಾ?
ಮೂರು ತಿಂಗಳು ಬರದೀನಿ.
ಅದಕ್ಕ ವಹಿಯಾಗ ಕಾಲಮ್ಮಿಲ್ಲ.

ಪಟ್ಟಿ ಹಿಂದ, ಅರವತ್ತರ ಗೆರಿ ಹಂತ್ಯಾಕ
ಒಂದು ಏಡಿ ಅದ. ಎಡಗಡೆ ಕೊಂಡಿ ಮುರದದ.
ನೀರು ಅರವತ್ತು ದಾಟಿದರ ಒಳಗ, ಇಳಿದರ ಹೊರಗ.
ಪಾಚಿ ಹತ್ತಿ ಅಂಕಿ ಕಾಣದಾಗ
ಅದನ್ನ ನೋಡಿ ಬರದದ್ದೂ ಉಂಟು.
ಸಾಹೇಬರಿಗೆ ಹೇಳಿಲ್ಲ.

ಇವತ್ತು ಹೊಸಬ ಬಂದ, ಬೀದರ ಕಡೆ ಹುಡುಗ.
ವಹಿ ಕೊಟ್ಟೆ, ಬ್ಯಾಟರಿ ಕೊಟ್ಟೆ,
ಬೆಕ್ಕಿನ ವಿಷಯ ಹೇಳಿದೆ.
ಏರಿದರ ಭರ್ತಿ, ಇಳಿದರ ಸುಕ್ತಿ.
ಭರ್ತಿ ಗೊತ್ತರಿ, ಅಂದ.

ಹುಬ್ಬಳ್ಳಿ ಬಸ್ಸು ಅರಬೈಲ ಘಾಟ ಹತ್ತುವಾಗ ನೆನಪಾತು,
ಏಡಿ ತೋರಿಸೂದು ಮರತೆ.
ಗಡಿಯಾರ ನೋಡಿದೆ. ಮೂರೂವರಿ.
ಈಗ ಹೊರಗ ಬಂದಿರಬೇಕು ಅದು.