ಒದೆಯ ಲೆಕ್ಕ

ಬೈಕಂಪಾಡಿಯ ನಮ್ಮ ಶೆಡ್ಡಿಗೆ ಅದು ಬಂದಾಗ
ಹೆಸರಿರಲಿಲ್ಲ, ಬರೀ ಡ್ರಾಯಿಂಗ್ ನಂಬರು.
ತೋಪು ಅಂತ ಯಾರೂ ಬಾಯಿಬಿಡಲಿಲ್ಲ. ‘ಐಟಂ’ ಅಂದರು.
ಮೀನಿನ ಟೆಂಪೋಗಿಂತ ತುಸು ದೊಡ್ಡ ಗಾಡಿ,
ಅದರ ಬೆನ್ನಿಗೆ ಆನೆಗೆ ಹೊರಿಸುವಂಥ ನಳಿಗೆ.
ತೂಕ ಇಳಿಸಿ, ಎಂದರು ಪುಣೆಯಿಂದ ಬಂದವರು,
ಹಿಮದ ಕಿರುದಾರಿ ಹತ್ತಬೇಕು ಇದು,
ತಾನೇ ಹತ್ತಬೇಕು, ಎಳೆಯುವವರಿಲ್ಲದೆ.

ಇಳಿಸಿದೆವು.
ಬ್ರಾಕೆಟ್ಟಿಗೆ ತೂತು ಕೊರೆದು ನೂರಿಪ್ಪತ್ತು ಗ್ರಾಂ.
ಬಾಗಿಲು ಕಿತ್ತು ಹದಿನೆಂಟು ಕಿಲೋ.
ಡ್ರೈವರನ ಬೆನ್ನಿಗಿದ್ದ ಮೆತ್ತೆಯೂ ಹೋಯಿತು.
ಲೆಕ್ಕ ಬರೆದವಳು ನಾನು, ಐರಿನ್ ಮೊಂತೇರೊ,
ನೀಲಿ ರಟ್ಟಿನ ಪುಸ್ತಕದಲ್ಲಿ, ದಿನಾ.

ಮೊದಲ ಪರೀಕ್ಷೆಯ ವೀಡಿಯೊ ತೋರಿಸಿದರು:
ಗುಂಡು ಮುಂದಕ್ಕೆ, ಗಾಡಿ ಹಿಂದಕ್ಕೆ.
ನಾಲ್ಕೂ ಚಕ್ರ ನೆಲ ಬಿಟ್ಟು
ಬೆದರಿದ ಕರುವಿನ ಹಾಗೆ ಹಾರಿ ಬಿತ್ತು.
ಹಗುರಾದದ್ದು ಒದೆ ತಾಳದು,
ತಾಳುವಂಥದ್ದು ಹಗುರಾಗದು.
ವೆಲ್ಡರ್ ಇದಿನಬ್ಬ ಬೀಡಿ ಹಚ್ಚಲು ಹೊರಗೆ ಹೋದ.

ಆಗ ಸಾಂತಪ್ಪ ಕರ್ಕೇರ, ಲೇತಿನವ,
ಅವನ ಮನೆಯಲ್ಲಿ ಕಡಲಿಗಿಳಿಯದ ಮೊದಲಿಗ,
ಗ್ರೀಸಿನ ಕೈ ಒರೆಸುತ್ತ ಕೇಳಿದ:
“ಅಳಿವೆ ಬಾಯಲ್ಲಿ ದೋಣಿ ನಿಲ್ಲಿಸಿಕೊಂಡು
ಅಲೆಗೆ ಕಾಯ್ತಾರಾ ಮಾರಾಯ್ರೇ?
ನಿಂತದ್ದು ಮಗುಚಿತು ಅಂತಲೇ ಲೆಕ್ಕ.
ಬರುವ ಮೊದಲೇ ಅದರ ಎದೆಗೆ ಓಡಬೇಕು.
ನಳಿಗೆಯೂ ಹಾಗೇ ಮುಂದಕ್ಕೆ ಓಡಲಿ,
ಓಡುತ್ತಿರುವಾಗಲೇ ಸಿಡಿಯಲಿ.
ಅರ್ಧ ಒದೆ ಅಲ್ಲಿಗೇ ಮುಗಿಯಿತು.”

ಪುಣೆಯವರು ಸುಮ್ಮನಾದರು.
ಇದನ್ನು ಅವರೂ ಓದಿದ್ದರಂತೆ ಎಲ್ಲೋ;
ಅಲೆ ಕಂಡಿರಲಿಲ್ಲ.

ಆಮೇಲೆ ಹನ್ನೊಂದು ತಿಂಗಳು.
ಸ್ಪ್ರಿಂಗು, ಎಣ್ಣೆ, ಸಾರಜನಕ ತುಂಬಿದ ಸಿಲಿಂಡರು.
ಕಣ್ಣೆವೆಯಷ್ಟು ಬೇಗ ಸಿಡಿದರೆ ಗಾಡಿ ಹಾರುತ್ತದೆ,
ಕಣ್ಣೆವೆಯಷ್ಟು ತಡವಾದರೆ ಮೂತಿ ನೆಲಕ್ಕೆ.
ಸೀಲು ಹರಿದು ಇದಿನಬ್ಬನ ಬಿಳಿ ಗಡ್ಡ
ಒಂದು ವಾರ ಕಪ್ಪಾಗಿತ್ತು; ಬೀವಿಗೆ ಖುಷಿಯಾಯ್ತು ಎಂದ.
ಸಾಂತಪ್ಪ ಮಾತ್ರ ಮಧ್ಯಾಹ್ನದ ಬುತ್ತಿ ಕಟ್ಟಿಕೊಂಡು
ತಣ್ಣೀರುಬಾವಿಗೆ ಹೋಗಿ ಕೂರುತ್ತಿದ್ದ,
ಬೆರಳು ಮಡಚಿ ಅಲೆ ಎಣಿಸುತ್ತ.

ಕೊನೆಗೆ ಮತ್ತೊಂದು ವೀಡಿಯೊ.
ಬಾನೆಟ್ಟಿನ ಮೇಲೆ ಯಾರೋ ಮರೆತಿಟ್ಟ ಚಾದ ಲೋಟ
ಅಲುಗಿತು. ಚೆಲ್ಲಲಿಲ್ಲ.
ಧಣಿಗಳು ತಲೆಗೆ ಕಾಲು ಕಿಲೋ ಗೇರುಬೀಜ ಹಂಚಿದರು.

“ಗುಂಡು ಎಲ್ಲಿ ಬಿತ್ತು?” ಸಾಂತಪ್ಪ ಕೇಳಿದ.
ವೀಡಿಯೊವನ್ನು ಹಿಂದಕ್ಕೆಳೆದು ನೋಡಿದೆವು.
ಲೋಟವಿತ್ತು, ಗಾಡಿಯಿತ್ತು,
ಗುಂಡು ಚೌಕಟ್ಟು ದಾಟುವವರೆಗೆ ಇತ್ತು.
ನನ್ನ ಪುಸ್ತಕದಲ್ಲೂ ಅದಕ್ಕೊಂದು ಕಾಲಮ್ಮಿಲ್ಲ.

ಗೇರುಬೀಜ ತಿಂದೆವು.
ಉಪ್ಪು ಹದವಾಗಿತ್ತು.