ಮಿಡಚಿಯ ಬಿಕ್ಕು

ಸೋಲಾಪುರದ ಕಸದ ಗಾಡಿಗೆ ಹಾಡು ಕೂಡಿಸಿದವ ನಾನು.
ಮೊದಲು ಕ್ಯಾಸೆಟ್ಟಿನ ಅಂಗಡಿ ಇತ್ತು,
ಈಗ ಮೊಬೈಲಿಗೆ ಗಾಜು ಅಂಟಸ್ತೀನಿ.

ಮುನಸಿಪಾಲ್ಟಿ ಸಾಹೇಬ್ರು ಅಂದ್ರು:
ಎಲ್ಲಾರಿಗೂ ಗೊತ್ತಿರೋದು ಬೇಕು ಧಾನಪ್ಪಾ,
ದೇವರದು ಬ್ಯಾಡ, ಪಾರ್ಟಿದು ಬ್ಯಾಡ.
ಹಂಗಾದ್ರ ಮಿಡಚಿ ಹಾಡು, ಅಂದೆ.
ಯಾರೂ ತಕರಾರು ತಗೀಲಿಲ್ಲ.
ಮಿಡಚಿ ಮ್ಯಾಲೆ ಮೋರ್ಚಾ ತಂದವರು ಈ ಊರಾಗಿಲ್ಲ.

ಹತ್ತು ನಿಮಿಷದ ಕಾರ್ಟೂನು ಅದು.
ಶಾಲಿ ಗ್ವಾಡಿಗೆ ಧೋತರ ಬಿಗಿದು
ಸರಕಾರಿ ಜೀಪಿನವರು ತೋರಿಸಿದ್ದು.
ಹರಿದ ನೂಲಿನ ತುದಿ ಹುಡಕೋತ
ಒಂದು ಹಸಿರು ಮಿಡಚಿ
ಗಿರಣಿ ತುಂಬ ಜಿಗೀತಿತ್ತು.
ಕೈಲೆ ಬರೆದ ಒಂಬತ್ತು ಸಾವಿರ ಚಿತ್ರ,
ಮುಂದ ಕುಂತ ನಮ್ಮ ಮಾರಿಮ್ಯಾಲೂ
ಅದರ ಹಸಿರು ಬೆಳಕು.

ಜೀಪು ಹೋತು. ಹಾಡು ಉಳೀತು.
ಬ್ಯಾಂಡಿನ ಕ್ಲಾರ್ನೆಟ್ಟಿಗೆ ಹತ್ತಿತು.
ಬೀಡಿ ಕಟ್ಟೋರು ಅದರಾಗ ಕಟ್ಟು ಎಣಿಸಿದರು.
ಮರಾಠಿ ಶಾಲ್ಯಾಗ ಅದು ಏಳರ ಮಗ್ಗಿ ಆತು,
ಪದ್ಮಸಾಲಿ ಓಣ್ಯಾಗ ತೆಲುಗು ಆತು,
ಗಿರಣಿ ಬಂದ್ ಆದ ವರ್ಷ ಅದೇ ಧಾಟಿಗೆ
ಮಾಲಕನ ಮನಿಮುಂದ ಬೈಗುಳ.
ನಮ್ಮವ್ವ ನನ್ನ ತಂಗಿಗೆ ತೊಟ್ಟಿಲದಾಗ ಅದನ್ನs ಹಾಡಿದಳು,
ಜ್ವರ ಬಂದ ರಾತ್ರಿ, ಜ್ವರ ಇಳಿಯೂತನಕ.

ಯಾರ ಹಾಡಲಿ, ಯಾವ ಮಾತಿನ್ಯಾಗ ಹಾಡಲಿ,
ಮೂರನೆ ಸಾಲು ಮುಗಿಯೂಮುಂದ ಒಂದು ‘ಹಿಕ್’.
ಯಾಕ ಅಂತ ಕೇಳಿದವರಿಲ್ಲ.
ಸಾರಿಗೆ ಉಪ್ಪು ಯಾಕ ಅಂತ ಕೇಳತಾರೇನು?

ಕೀಬೋರ್ಡಿನ ಹುಡುಗ ಚಿಪ್ಪಿಗೆ ಹಾಡು ತುಂಬೂಮುಂದ
ಅದನ್ನ ಒರೆಸಿ ಹಾಕ್ಯಾನ.
“ಸೌಂಡ್ ಕ್ಲೀನ್ ಮಾಡೀನಿ ಕಾಕಾ.”
ನಾನೂ ಹೂಂ ಅಂದೆ. ನಾನೂ ಕೇಳಲಿಲ್ಲ.

ಮೂರನೆ ದಿನ ಮುಂಜಾನೆ, ಶಟರ್ ಅರ್ಧಾ ಏರಿಸಿದ್ದೆ,
ಕೆಳಗ ಬಾಗಿ ಒಬ್ಬಾಕಿ ಒಳಗ ಬಂದಳು.
ಸುಗಲಾಬಾಯಿ ಹತ್ತೂರೆ, ಎಪ್ಪತ್ತು ದಾಟಿದಾಕಿ,
ಸೆರಗಿನ್ಯಾಗ ತಂಬಾಕದ ವಾಸನಿ.
“ತಮ್ಮಾ, ನನ್ನ ಬಿಕ್ಕು ಎಲ್ಲಿ ಹೋತು?”

ಒಂಬತ್ತು ವರ್ಷದಾಕಿ ಇದ್ದಳಂತ.
ಜಾಬರ್ ಸೋದರಮಾವ ಮುಂಬೈಗೆ ಕರಕೊಂಡು ಹೋಗಿದ್ದ.
ಅಂಗೈ ಮ್ಯಾಲೆ ಕನ್ನಡ ಅಕ್ಷರದಾಗ ಹಿಂದಿ,
ಅರ್ಥ ಗೊತ್ತಿಲ್ಲ, ಬೆವರಿಗೆ ಅರ್ಧಾ ಅಳಿಸಿತ್ತು.
ಬಿಸಿ ಭಜಿ ತಿನಿಸಿ ತಣ್ಣನ ಸೋಡಾ ಕುಡಿಸಿದರು.
ಹಾಡ ಹಾಡತಾ ಬಿಕ್ಕು ಬಂತು.
ಸ್ಟುಡಿಯೋದ ಬಾಡಿಗಿ ಮುಗಿದಿತ್ತು, ಮತ್ತೊಮ್ಮೆ ಹಾಡಸೂವಂಗಿಲ್ಲ.
ಚಿತ್ರ ಬರಿಯೋ ಮುದುಕ ನಕ್ಕು ಅಂದನಂತ:
ಇರ್ಲಿ ಬಿಡ್ರಿ, ಅಲ್ಲೇ ಜಿಗೀಲಿ ಮಿಡಚಿ.
ಆ ಒಂದು ಬಿಕ್ಕಿಗೆ ಹದಿನಾರು ಚಿತ್ರ ಬರೆದ.

“ಹನ್ನೊಂದು ರೂಪಾಯಿ ಕೊಟ್ರು.
ತೆರಿಮ್ಯಾಲೆ ‘ಬಾಲವೃಂದ’ ಅಂತ ಬಂತು.
ವೃಂದ ಎಲ್ಲಿತ್ತೋ ತಮ್ಮಾ? ನಾ ಒಬ್ಬಾಕಿನೇ.”

ಖರೇ ಹೇಳಬೇಕಂದ್ರ,
ಮಿಡಚಿ ಹಾಡು ಹಾಡಿದಾಕಿ ನಾನೇ ಅನ್ನೋರು
ಈ ಊರಾಗ ಇನ್ನೂ ಇಬ್ಬರದಾರ.
ಒಬ್ಬಾಕಿ ಫೋಟೋ ಸುದ್ದಾ ತೋರಸ್ತಾಳ.
ಹಾಡ್ರಿ ನೋಡೋಣು, ಅಂದೆ.
ಈಕಿ ಹಾಡಲಿಲ್ಲ. “ದನಿ ತಂಬಾಕ ತಿಂದೈತಿ,
ಸೋಡಾ ತರಸು,” ಅಂದಳು.

ತರಿಸಿದೆ. ಕುಡಿದಳು.
ಮೊಬೈಲಿನ್ಯಾಗ ರೆಕಾರ್ಡಿಂಗ್ ಚಾಲೂ ಇಟ್ಟು
ಇಬ್ಬರೂ ಸುಮ್ಮನ ಕುಂತಿವಿ.
ಫ್ಯಾನಿನ ಸಪ್ಪಳ.
ಹೊರಗ ಒಂದು ರಿಕ್ಷಾ ಹಿಂದ ಸರಿಯೋ ಸಪ್ಪಳ.
ಬಿಕ್ಕು ಬರಲಿಲ್ಲ.
ಖಾಲಿ ಬಾಟ್ಲಿ ಕೌಂಟರಿನ ಮ್ಯಾಲಿಟ್ಟು
ಸೋಡಾದ ರೊಕ್ಕ ಎಣಿಸಿ ಇಟ್ಟು ಹೋದಳು.

ಮತ್ತೊಬ್ಬರ ಬಿಕ್ಕು ಹಾಕಾಕ ಮನಸಾಗಲಿಲ್ಲ.
ಮೂರನೆ ಸಾಲಿಗೆ ಬಿಕ್ಕಿನಷ್ಟು ಉದ್ದ
ಖಾಲಿ ಜಾಗಾ ಕತ್ತರಿಸಿ ಬಿಟ್ಟೆ.

ಮರುದಿನ ನಮ್ಮ ಓಣಿಗೆ ಗಾಡಿ ಬಂತು.
ಬಕೀಟು ಹಿಡಕೊಂಡ ಹೆಂಗಸರು,
ಹಲ್ಲಾಗ ಬ್ರಶ್ ಇದ್ದ ಹುಡುಗೂರು,
ರಾತ್ರಿಪಾಳಿ ಮುಗಿಸಿ ಬಂದ ವಾಚಮನ್.
ಹಾಡು ಗಪ್ಪಂದ ಕೂಡಲೆ
ಯಾರೋ ಅಂದರು, ‘ಹಿಕ್’.
ಆ ಕಡೆ ಗಲ್ಲಿಯಿಂದ ಇನ್ನೊಂದು.

ಮಧ್ಯಾಹ್ನ ಡ್ರೈವರ್ ಮೌಲಾಲಿ ಬಂದ, ಸಿಟ್ಟಿಲೆ:
“ಮೂರನೆ ಸಾಲಿಗೆ ಹಾಡು ಕಟ್ ಆಗತೈತಿ,
ರಿಪೇರಿ ಮಾಡಿಕೊಡ್ರಿ.”

ಆಗೇತಿ, ಅಂದೆ.