ಪಾಲಮ್ಮತ್ತೆಯ ಟಿಕೇಟು

ಮೂವತ್ತೊಂದು ವರ್ಷ ಕೋಟೆಯ ಬುಡದಲ್ಲೇ ಸಂಸಾರ.
ಹೊಲಿಗೆ ಮಿಷನ್ನಿನಿಂದ ತಲೆಯೆತ್ತಿದರೆ
ಕಿಟಕಿ ತುಂಬ ಬಂಡೆ.
ಆದರೂ ಪಾಲಮ್ಮತ್ತೆ ಒಮ್ಮೆಯೂ ಹತ್ತಿರಲಿಲ್ಲ.
"ಎಲ್ಲಿಗ್ ಹೋಗ್ತತೆ ಅದು? ನಾಳೆ ಹೋದ್ರಾತು."

ಶಿವರಾತ್ರಿ ಕಳೆದು ಮೂರು ದಿನ.
ಬಿಸಿಲಿಗೆ ಆಗಲೇ ಹಲ್ಲು ಮೂಡಿತ್ತು.
ದಾವಣಗೆರೆಯಿಂದ ಮೊದಲ ಬಸ್ಸಿಗೆ ಬಂದ ನಾನು ಹಠ ಹಿಡಿದೆ.
ಸಂಡಿಗೆ ಹಾಕಿದೀನಿ, ಹನ್ನೊಂದಕ್ಕೆ ವಾಪಸ್ಸು,
ಎಂದು ಷರತ್ತು ಹಾಕಿ ಹೊರಟಳು,
ಕೊರಳಿನ ಅಳತೆ ಟೇಪು ತೆಗೆಯುವುದನ್ನೇ ಮರೆತು.

ಟಿಕೇಟು ಎಂದಾಗ ನಿಂತುಬಿಟ್ಟಳು.
"ನಮ್ ಹಿತ್ತಲ ಗುಡ್ಡಕ್ಕೆ ದುಡ್ಡಾ?"
ಕೌಂಟರಿನ ಹುಡುಗ ಅವಳ ಕೈಲೇ ಯೂನಿಫಾರಂ ಹೊಲಿಸಿಕೊಂಡವನು;
ನಕ್ಕ. ಟಿಕೇಟು ಹರಿದೇ ಕೊಟ್ಟ.

ಮೊದಲ ಬಾಗಿಲು ದಾಟಿದರೆ ದಾರಿ ಎಡಕ್ಕೆ ಹೊರಳುತ್ತದೆ,
ಮತ್ತೆ ಬಲಕ್ಕೆ. ಆನೆ ಓಡಿ ಬಂದು ಗುದ್ದದಿರಲೆಂದು
ಹೀಗೆ ಕಟ್ಟಿದರಂತೆ, ಓದಿದ್ದನ್ನು ಒಪ್ಪಿಸಿದೆ.
ಅತ್ತೆ ಕೇಳುತ್ತಿರಲಿಲ್ಲ. ಗೋಡೆಗೆ ಮೂಗು ತಾಗಿಸಿ
ಎರಡು ಕಲ್ಲುಗಳ ನಡುವೆ ಉಗುರು ಆಡಿಸುತ್ತಿದ್ದಳು.
ಗಾರೆ ಇಲ್ಲ. ಉಗುರು ಇಳಿಯುವ ಸಂದಿಯೂ ಇಲ್ಲ.
"ಹೊಲಿಗೆ ಕಾಣ್ದಂಗೆ ಹೊಲ್ದಾನೆ ನೋಡು.
ಯಾವನೋ ಕೈಗುಣ ಇದ್ದೋನು."
ಟೇಪು ಹಿಡಿದು ಅಳತೆ ತೆಗೆದಳು:
ಐವತ್ತೆರಡು, ಮೂವತ್ತೆಂಟು.

ಒನಕೆಯ ಕಿಂಡಿಯ ಹತ್ತಿರ ಗೈಡು ದನಿ ಏರಿಸಿದ್ದ;
ಶಾಲೆ ಮಕ್ಕಳು ಬಾಯಿ ತೆರೆದು ಕೂತಿದ್ದರು.
ಅತ್ತೆಯ ಕಣ್ಣೆಲ್ಲ ಅವರ ಕಾಲರಿನ ಮೇಲೆ:
"ನಂದಲ್ಲ. ಹಿರಿಯೂರ್ ಕಡೆ ಕೆಲಸ."

ಅಕ್ಕ ತಂಗಿಯರ ಹೊಂಡ.
ಅಕ್ಕ ತುಂಬಿ ಹರಿದರೇ ತಂಗಿಗೆ ನೀರು.
"ನಿಮ್ಮಪ್ಪ ತುಂಬಿದ್ಮ್ಯಾಲೆ ನಂಗೆ ಬಂದಂಗೆ."
ಅಪ್ಪ ಟಿಸಿಎಚ್ ಸೇರಿದ ವರ್ಷವೇ ಅವಳ ಶಾಲೆ ನಿಂತದ್ದು.
ನಾನು ನೀರು ನೋಡಿದೆ.

ಬತೇರಿಯ ಮೇಲೆ ಗಾಳಿ ಸೆರಗಿಗೆ ಕೈ ಹಾಕುತ್ತಿತ್ತು.
ದೂರದ ಗುಡ್ಡಗಳಲ್ಲಿ ಗಾಳಿಯ ಫ್ಯಾನುಗಳು
ಯಾರಿಗೋ ಬೇಡ ಬೇಡ ಎನ್ನುತ್ತ ಕೈ ಆಡಿಸುತ್ತಿದ್ದವು.
"ನಮ್ಮನೆ ಎಲ್ಲೈತೆ?"
ನೀರಿನ ಟ್ಯಾಂಕು, ಮಸೀದಿಯ ಮಿನಾರು, ಬೇವಿನ ಮರ,
ಬೆರಳಿನಿಂದ ಬೀದಿಗಳನ್ನು ಬಿಡಿಸುತ್ತ ಹೋದಳು
ಗಂಟುಬಿದ್ದ ದಾರ ಬಿಡಿಸುವಂತೆ.
ಸಿಕ್ಕಿತು: ಮಾಳಿಗೆಯ ಮೇಲೆ ಉಗುರಿನಷ್ಟು ಬಿಳಿ ಪಂಚೆ.
ಪಂಚೆಯ ಮೇಲೆ ಕಂದು ಚುಕ್ಕಿಗಳು.
ಚುಕ್ಕಿಗಳು ಓಡಾಡುತ್ತಿದ್ದವು.

"ಅಯ್ಯೋ ನನ್ ಸಂಡಿಗೆ!"
ಹಚಾ, ಹಚಾ ಎಂದು ಕೂಗಿದ ಕೂಗು
ಏಳು ಸುತ್ತಿಗೂ ಬಡಿದು ನಮಗೇ ವಾಪಸ್ಸು ಬಂತು.
ಇಲ್ಲೇ ನಿಂತಲ್ಲವೆ ಹಿಂದೆ ಕಾವಲಿನವರು
ದೂರದ ದೂಳು ಕಂಡು ಕಹಳೆ ಊದಿದ್ದು,
ಎನ್ನಲು ಹೊರಟೆ. ಅವಳಾಗಲೇ ಫೋನಿನಲ್ಲಿ:
"ಏ ಜುಲೇಖಾ, ಮಾಳಿಗೆ ಹತ್ತೇ, ಕೋತಿ ಬಂದಾವೆ!"
"ನಿಂಗೆಂಗೆ ಕಾಣ್ತು? ಎಲ್ಲಿದೀಯೇ?"
"ಕೋಟೆ ಮ್ಯಾಲಿದೀನಿ."
ಅಂದು, ತನ್ನ ಮಾತಿಗೆ ತಾನೇ ಸುಮ್ಮನಾದಳು.

ಹಸಿರು ಚುಕ್ಕಿಯೊಂದು ಬಂತು, ಕೋಲು ಬೀಸಿತು,
ಕಂದು ಚೆದುರಿತು.
ಆಮೇಲೆ ಹಸಿರು ಇತ್ತ ತಿರುಗಿ ದುಪಟ್ಟಾ ಬೀಸಿತು,
ಎಲ್ಲಿಗೆಂದು ತಿಳಿಯದೆ, ಇಡೀ ಗುಡ್ಡಕ್ಕೆ.
ಅತ್ತೆ ಕೊರಳಿನ ಟೇಪು ತೆಗೆದು ಬೀಸಿದಳು,
ಬೀಸುತ್ತಲೇ ಇದ್ದಳು.
ಹನ್ನೊಂದು ಎಂದೋ ಆಗಿಹೋಗಿತ್ತು.

ರಾತ್ರಿ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದವಳು ಕರೆದಳು:
"ನಾವ್ ನಿಂತಿದ್ ಬಂಡೆ ಯಾವ್ದೋ?"
ಅಮಾವಾಸ್ಯೆ ಈಚೆಗಷ್ಟೇ ಕಳೆದಿತ್ತು; ಗುಡ್ಡವೆಲ್ಲ ಒಂದೇ ಕಪ್ಪು.
ನಾನೊಂದು ಕಡೆ ತೋರಿಸಿದೆ. ಅವಳು ಇನ್ನೊಂದು ಕಡೆ.

ಬೆಳಗ್ಗೆ ಮಿಷನ್ನಿನ ಮೇಲೆ ಅಳತೆ ಪುಸ್ತಕ ತೆರೆದಿತ್ತು.
ಕೊನೆಯ ಗಿರಾಕಿ: ಐವತ್ತೆರಡು, ಮೂವತ್ತೆಂಟು.
ಪಕ್ಕದಲ್ಲಿ ಗುಂಡುಪಿನ್ನು ಚುಚ್ಚಿದ ಟಿಕೇಟು.
ಹೆಸರಿನ ಜಾಗ ಖಾಲಿ.